ಹೊಸ ಬೀಗ, ಯಾರ ಕೀಲಿಕೈ?

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಎಚ್ಚರ ತಪ್ಪಿದವರಿಗಾಗಿ ಕಟ್ಟಿದರು. ಈ ಕಾಲದಲ್ಲಿ ಎಚ್ಚರವಿದ್ದವರಿಗಾಗಿಯೂ ಒಂದು ಗಾದೆ ಕಟ್ಟಬೇಕಾಗಿ ಬಂದಿದೆ. ಕಳ್ಳ ಬಂದಿಲ್ಲ, ಬಾಗಿಲು ಮುರಿದಿಲ್ಲ, ಬೀಗವಂತೂ ಮೊದಲಿಗಿಂತ ಗಟ್ಟಿ. ಆದರೆ ಮನೆಯ ಯಜಮಾನರೇ ಹೊಸ್ತಿಲಾಚೆ ನಿಂತಿದ್ದಾರೆ. ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸಿದ ಮರುದಿನ ನಮ್ಮ ಅನೇಕ ಮನೆಗಳಲ್ಲಿ ಕಂಡುಬರುತ್ತಿರುವ ಸ್ಥಿತಿ ಇದು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಬಂಧುಗಳು ಈ ಅಂಕಣಕ್ಕೆ ಕೇಳಿ ಕಳಿಸುವ ಪ್ರಶ್ನೆಗಳಲ್ಲಿ ಈ ಒಂದು ವಿಷಯವೇ ಮುಂದಾಗಿರುವುದರಿಂದ ಈ ಸಲ ಅದನ್ನೇ ಎತ್ತಿಕೊಳ್ಳುತ್ತೇವೆ.

ಪ್ರಶ್ನೆಗಳು ಒಮ್ಮೆಲೇ ಹೆಚ್ಚಿದುದಕ್ಕೆ ಕಾರಣ ಉಂಟು. 2015ರ ಜುಲೈ 29ರಂದು ಹೊರಬಂದ ವಿಂಡೋಸ್ 10 ಎಂಬುದಕ್ಕೆ ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆ ದಿನ ಯಾರ ಕಂಪ್ಯೂಟರೂ ನಿಂತುಹೋಗಲಿಲ್ಲ. ಭದ್ರತೆಯ ತಿದ್ದುಪಡಿಗಳು ಮಾತ್ರ ನಿಂತವು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ತಿದ್ದುಪಡಿ ಕೊಡುವುದಾಗಿ ಕಂಪನಿ ಸಾರಿತಾದರೂ, ಬಹಳ ಮಂದಿ ಕಾಯಲಿಲ್ಲ. ಕೆಲವರು ಹೊಸ ಲ್ಯಾಪ್‌ಟಾಪ್ ಕೊಂಡರು. ಕೆಲವರು ಅಂಗಡಿಯ ಹುಡುಗನನ್ನು ಮನೆಗೆ ಕರೆಸಿ ವಿಂಡೋಸ್ 11 ಹಾಕಿಸಿದರು. ಯಂತ್ರ ತೀರ ಹಳೆಯದಾಗಿ, ವಿಂಡೋಸ್ 11 ಕೇಳುವ ಟಿಪಿಎಮ್ 2.0 ಎಂಬ ಭದ್ರತಾ ಚಿಪ್ಪು ಇಲ್ಲದವರಲ್ಲಿ ಕೆಲವರು ಲಿನಕ್ಸಿನ ಕಡೆ ತಿರುಗಿದರು. ಯಾವ ದಾರಿ ಹಿಡಿದರೂ ಎದುರಾದುದು ಹೊಸ ಬಾಗಿಲು, ಹೊಸ ಬೀಗ.

ಕಂಪ್ಯೂಟರಿಗೆ ಪಾಸ್‌ವರ್ಡು ಎಂಬುದು ಹುಟ್ಟಿದುದು ಹೇಗೆಂಬುದನ್ನು ತಿಳಿದರೆ ವಿಷಯ ಸುಲಭವಾಗುತ್ತದೆ. 1960ರ ದಶಕದ ಆರಂಭದಲ್ಲಿ ಅಮೇರಿಕದ ಎಮ್‌ಐಟಿ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ಫರ್ನಾಂಡೋ ಕಾರ್ಬಟೋ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡನ್ನು ಕಟ್ಟಿದರು. ಯಂತ್ರ ಒಂದು, ಬಳಸುವವರು ಹಲವರು. ಒಬ್ಬರ ಕಾಗದಪತ್ರಕ್ಕೆ ಇನ್ನೊಬ್ಬರು ಕೈಹಾಕಬಾರದು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದೊಂದು ಗುಟ್ಟಿನ ಮಾತನ್ನು ಕೊಟ್ಟರು. ಅಂದರೆ ಪಾಸ್‌ವರ್ಡು ಹುಟ್ಟಿದ್ದೇ ಕೂಡಿ ಬಳಸುವವರಿಗಾಗಿ. ನಮ್ಮ ಒಂದು ಖೋಲಿ, ಒಂದು ಅಡಿಗೆಮನೆಯ ಬಿಡಾರಗಳಲ್ಲಿಯೂ ಸ್ಥಿತಿ ಅದೇ ಅಲ್ಲವೆ? ಅಜ್ಜನ ಪಿಂಚಣಿಯ ಕಾಗದ, ಸೊಸೆಯ ಆಫೀಸಿನ ಕೆಲಸ, ಮೊಮ್ಮಗಳ ಶಾಲೆಯ ಪಾಠ, ಸಂಘದ ಸದಸ್ಯರ ಯಾದಿ, ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ.

ಈಗ ಬದಲಾದುದೇನು? ಹಿಂದೆ ಪಾಸ್‌ವರ್ಡು ಆ ಯಂತ್ರಕ್ಕೇ ಸಂಬಂಧಿಸಿದ್ದಾಗಿತ್ತು. ಮರೆತರೆ ತಿಳಿದವನೊಬ್ಬ ಬಂದು ಬಿಡಿಸಿಕೊಡುತ್ತಿದ್ದ. ವಿಂಡೋಸ್ 11ರ ಗೃಹ ಆವೃತ್ತಿಯನ್ನು ಹಾಕುವಾಗಲಾದರೋ ಅದು ಸಾಮಾನ್ಯವಾಗಿ ಇಂಟರ್‌ನೆಟ್ ಸಂಪರ್ಕವನ್ನೂ ಒಂದು ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಖಾತೆ ಎಂದರೆ ಒಬ್ಬರ ಹೆಸರು, ಒಂದು ಈ-ಮೇಲ್ ವಿಳಾಸ, ಒಂದು ಮೊಬೈಲ್ ನಂಬರು. ಆದುದರಿಂದ ಬಾಗಿಲು ತೆರೆಯದಿದ್ದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ‘ಪಾಸ್‌ವರ್ಡು ಏನು?’ ಎಂಬುದಲ್ಲ, ‘ಕೀಲಿಕೈ ಯಾರ ಹೆಸರಿನಲ್ಲಿದೆ?’ ಎಂಬುದು. ರೇಷನ್ ಕಾರ್ಡು, ಲೈಟ್ ಬಿಲ್ಲು, ಬಾಡಿಗೆಯ ಕರಾರು ಯಾರ ಹೆಸರಿನಲ್ಲಿವೆ ಎಂದು ಕೇಳಿಸಿಕೊಂಡೇ ಈ ಊರಿನಲ್ಲಿ ನೆಲೆನಿಂತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೀಲಿಕೈಗಳು ಮೂರು ಬಗೆಯವು. ಒಂದನ್ನು ಇನ್ನೊಂದೆಂದು ತಿಳಿಯುವುದರಿಂದಲೇ ಅರ್ಧ ಗಲಿಬಿಲಿ. ಮೊದಲನೆಯದು ಪಿನ್ನು. ಇದು ಸಾಮಾನ್ಯವಾಗಿ ನಾಲ್ಕು ಅಥವಾ ಹೆಚ್ಚು ಅಂಕಿಗಳದು. ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುವಂಥದು. ಹಳೆಯ ಲ್ಯಾಪ್‌ಟಾಪಿನ ಪಿನ್ನನ್ನು ಹೊಸದರಲ್ಲಿ ಒತ್ತಿ ‘ಸರಿಯಾಗಿಯೇ ಹಾಕಿದ್ದೇನಲ್ಲ’ ಎಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಎರಡನೆಯದು ಖಾತೆಯ ಪಾಸ್‌ವರ್ಡು. ಇದು ಯಂತ್ರದ್ದಲ್ಲ, ಖಾತೆಯದು. ಯಾವ ಯಂತ್ರದಲ್ಲಿಯೂ, ಮೊಬೈಲಿನಲ್ಲಿಯೂ ಅದೇ. ಮೂರನೆಯದು ರಿಕವರಿ ಕೀ ಎಂಬ 48 ಅಂಕಿಗಳ ತುರ್ತು ಕೀಲಿಕೈ. ಇದನ್ನು ಬಹುಮಂದಿ ಕಂಡೇ ಇರುವುದಿಲ್ಲ. ಆದರೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ. ಇದರ ಮಾತು ಆಮೇಲೆ ಬರುತ್ತದೆ.

ಮೊದಲು ಸಣ್ಣ ತೊಂದರೆಗಳನ್ನು ಮುಗಿಸೋಣ. ಡೊಂಬಿವಲಿಯಲ್ಲಿರುವ ಧಾರವಾಡ ಕಡೆಯ ನಿವೃತ್ತ ಹಿರಿಯರೊಬ್ಬರ ಮನೆಯಲ್ಲಿ ಹುಡುಗನು ವಿಂಡೋಸ್ ಹಾಕಿ ‘ಕಾಕಾ, ಝಾಲಂ’ ಎಂದು ಹೊರಟುಹೋದ. ಸಂಜೆ ಪಾಸ್‌ವರ್ಡು ಹಾಕಿದರೆ ತಪ್ಪೆಂದು ಬಂತು. ಬೆಂಗಳೂರಿನ ಮಗನಿಗೆ ಫೋನು ಹೋಯಿತು. ‘ನನ್ನ ಪಾಸ್‌ವರ್ಡು ನನಗ ಗೊತ್ತಿಲ್ಲೇನೋ ತಮ್ಮಾ?’ ಎಂದರು ಹಿರಿಯರು. ‘ಅಪ್ಪಾ, ಬಾಜೂಕ ಕಣ್ಣಿನ ಚಿತ್ರ ಐತಲ್ಲ, ಅದನ್ನ ಒತ್ತಿ ಏನು ಬಿದ್ದದ ನೋಡ್ರಿ’ ಎಂದ ಮಗ. ನೋಡಿದರೆ @ ಚಿಹ್ನೆಯ ಜಾಗದಲ್ಲಿ ಉದ್ಧರಣ ಚಿಹ್ನೆ ಬಿದ್ದಿತ್ತು!

ಇದು ಕೀಲಿಮಣೆಯ ಕತೆ. ನಮ್ಮ ಅಂಗಡಿಗಳಲ್ಲಿ ದೊರೆಯುವ ಕೀಲಿಮಣೆಗಳು ಸಾಮಾನ್ಯವಾಗಿ ಅಮೇರಿಕದ ಪದ್ಧತಿಯವು. 2ರ ಗುಂಡಿಯ ಮೇಲೆ @ ಅಚ್ಚಾಗಿರುತ್ತದೆ. ಹೊಸ ವಿಂಡೋಸ್ ಹಾಕುವಾಗ ಅವಸರದಲ್ಲಿ ‘ಯುನೈಟೆಡ್ ಕಿಂಗ್‌ಡಮ್’ ಎಂದು ಆರಿಸಿದರೆ ಬ್ರಿಟನ್ನಿನ ಪದ್ಧತಿ ಬರುತ್ತದೆ; ಅದರಲ್ಲಿ 2ರ ಮೇಲಿನದು ಉದ್ಧರಣ ಚಿಹ್ನೆ, @ ಇರುವುದು ಬೇರೆ ಗುಂಡಿಯಲ್ಲಿ. ಗುಂಡಿಯ ಮೇಲಿನ ಅಚ್ಚು ಒಂದು, ಬೀಳುವ ಅಕ್ಷರ ಇನ್ನೊಂದು. ಹೆಸರಿನ ಮುಂದೆ @ ಇಟ್ಟು ಮೂರು ಅಂಕಿ ಸೇರಿಸುವ ಪಾಸ್‌ವರ್ಡಿನ ಅಭ್ಯಾಸ ನಮ್ಮಲ್ಲಿ ಬಹಳ ಇರುವುದರಿಂದ ಈ ತೊಂದರೆಯೂ ಬಹಳ. ಪ್ರವೇಶದ ಪರದೆಯ ಕೆಳಗಡೆ ಬಲಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ; ಅದನ್ನು ಒತ್ತಿ ಇಂಡಿಯಾದ ಇಲ್ಲವೆ ಅಮೇರಿಕದ ಇಂಗ್ಲಿಷನ್ನು ಆರಿಸಿದರೆ ಸರಿಹೋಗುತ್ತದೆ. ಕನ್ನಡ ಬೆರಳಚ್ಚಿನ ಏರ್ಪಾಡು ಮಾಡಿಕೊಂಡವರು ಆ ಗುರುತು ಕನ್ನಡದಲ್ಲಿ ನಿಂತಿಲ್ಲವಷ್ಟೆ ಎಂದು ನೋಡಿಕೊಳ್ಳಬೇಕು. ಕ್ಯಾಪ್ಸ್ ಲಾಕ್, ನಮ್ ಲಾಕ್ ದೀಪಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು.

ಪಿನ್ನು ಮರೆತವರು ಮೇಲಿಂದ ಮೇಲೆ ಊಹಿಸಿ ಒತ್ತಬಾರದು. ಕೆಲವು ಸಲ ತಪ್ಪಿದರೆ ಯಂತ್ರವು ‘ಎ1ಬಿ2ಸಿ3’ ಎಂದು ಬರೆಯಲು ಹೇಳುತ್ತದೆ. ಇದೇನು ಹೊಸ ಗುಟ್ಟೋ ಎಂದು ಗಾಬರಿಯಾಗಬೇಕಾಗಿಲ್ಲ. ಮಗುವಾಗಲಿ ಬೆಕ್ಕಾಗಲಿ ಗುಂಡಿಗಳ ಮೇಲೆ ಕುಳಿತಿಲ್ಲ, ಮನುಷ್ಯರೇ ಒತ್ತುತ್ತಿದ್ದಾರೆ ಎಂದು ಖಚಿತ ಮಾಡಿಕೊಳ್ಳುವ ಉಪಾಯ ಅದು. ಅಲ್ಲಿಗೇ ನಿಲ್ಲಿಸಿ ‘ಐ ಫರ್ಗಾಟ್ ಮೈ ಪಿನ್’ ಎಂಬುದನ್ನು ಒತ್ತಿದರೆ ಅದು ಖಾತೆಯ ಗುರುತನ್ನು ಪರೀಕ್ಷಿಸಿ, ಹೊಸ ಪಿನ್ನು ಮಾಡಿಕೊಡುತ್ತದೆ. ‘ನಿಮ್ಮ ಪಿನ್ನು ಲಭ್ಯವಿಲ್ಲ’ ಎಂದು ಬಂದರೂ ಇದೇ ಮದ್ದು. ಇವೆರಡಕ್ಕೂ ಇಂಟರ್‌ನೆಟ್ ಬೇಕು. ಮನೆಯ ವೈಫೈ ಸಿಗದಿದ್ದರೆ ಮೊಬೈಲಿನ ಹಾಟ್‌ಸ್ಪಾಟಿನಿಂದ ಕೆಲಸ ಸಾಗುತ್ತದೆ. ಸಂಪರ್ಕದ ಗುರುತು ಪ್ರವೇಶದ ಪರದೆಯಲ್ಲಿಯೇ ಇರುತ್ತದೆ.

ಲಿನಕ್ಸ್ ಹಾಕಿಸಿಕೊಂಡವರ ತೊಂದರೆ ಇನ್ನೊಂದು ತೆರನದು. ಪಾಸ್‌ವರ್ಡು ಸರಿಯಿದೆ, ಪರದೆ ಒಂದು ಕ್ಷಣ ಮಿನುಗಿ ಮತ್ತೆ ಪ್ರವೇಶದ ಪುಟಕ್ಕೇ ಮರಳುತ್ತದೆ. ತಪ್ಪು ಪಾಸ್‌ವರ್ಡಿಗೆ ‘ತಪ್ಪು’ ಎಂದೇ ಬರುತ್ತದೆ. ಹಾಗೆ ಬರದೆ ಸುತ್ತುತ್ತಿದ್ದರೆ ದೋಷ ಪಾಸ್‌ವರ್ಡಿನಲ್ಲಿಲ್ಲ. ಡಿಸ್ಕು ಪೂರ್ತಿ ತುಂಬಿರಬಹುದು, ಇಲ್ಲವೆ ನಮ್ಮ ಮನೆಕಡತದ ಕೆಲವು ಫೈಲುಗಳ ಒಡೆತನ ಹಾಕಿಕೊಟ್ಟವನ ಕೈತಪ್ಪಿನಿಂದ ಆಡಳಿತ ಖಾತೆಗೆ ಹೋಗಿರಬಹುದು. ತಿಳಿದವರಿಗೆ ಇಷ್ಟು ಹೇಳಿದರೆ ಸರಿಪಡಿಸುತ್ತಾರೆ. ಎಲ್ಲವನ್ನೂ ಅಳಿಸಿ ಮತ್ತೆ ಹಾಕುವ ಅಗತ್ಯವಿಲ್ಲ.

ಇನ್ನು ಮುಖ್ಯ ಮಾತಿಗೆ ಬರೋಣ. 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ ‘24ಎಚ್2’ ಆವೃತ್ತಿಯಿಂದೀಚೆಗೆ, ತಕ್ಕ ಯಂತ್ರದಲ್ಲಿ ಅದನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದೊಡನೆ, ಡಿಸ್ಕಿನಲ್ಲಿರುವುದೆಲ್ಲವೂ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಲೋಕಲ್ ಗಾಡಿಯಲ್ಲಿ ಲ್ಯಾಪ್‌ಟಾಪು ಕಳೆದುಹೋದರೂ ಸಿಕ್ಕವನಿಗೆ ಒಳಗಿನದು ಓದಲು ಬಾರದು. ಇದು ಒಳ್ಳೆಯದೇ. ಆದರೆ ಯಂತ್ರದ ಮುಖ್ಯಫಲಕ ಬದಲಾಯಿಸಿದರೆ, ಇಲ್ಲವೆ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಬದಲಿಸಿದರೆ, ‘ಇದು ನಾನು ಕಂಡ ಮನೆಯಲ್ಲ’ ಎಂದು ಬೀಗಕ್ಕೆ ಸಂಶಯ ಬರುತ್ತದೆ. ಆಗ ನೀಲಿ ಪರದೆ ತೆರೆದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಪಿನ್ನು, ಪಾಸ್‌ವರ್ಡು ಯಾವುದೂ ಅಲ್ಲಿ ನಡೆಯದು. ಆ ಕೀಲಿಕೈ ಇರುವುದು ಮೊದಲು ಹಾಕುವಾಗ ಯಾರ ಖಾತೆಯನ್ನು ಕೊಟ್ಟಿದ್ದೆವೋ ಅವರ ಖಾತೆಯೊಳಗೆ. ಅದು ಸಿಗದಿದ್ದರೆ ಮೈಕ್ರೋಸಾಫ್ಟ್ ಕಂಪನಿಯೂ ಹೊಸದೊಂದನ್ನು ಮಾಡಿಕೊಡಲಾರದು. ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸಬೇಕು, ಅಷ್ಟೆ.

ದೊಡ್ಡ ಸಂಸ್ಥೆಗಳಿಗೂ ಇದರ ಬಿಸಿ ತಟ್ಟಿದ್ದುಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಯುಕ್ತ ತಿದ್ದುಪಡಿಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ರಿಪೇರಿಯ ಕ್ರಮವೇನೋ ಬೇಗನೆ ತಿಳಿಯಿತು. ಆದರೆ ಗೂಢಲಿಪಿಯಲ್ಲಿದ್ದ ಯಂತ್ರಗಳಿಗೆ ಒಂದೊಂದಕ್ಕೂ ಆ 48 ಅಂಕಿಗಳು ಬೇಕಾದವು. ಅವನ್ನು ಕ್ರಮವಾಗಿ ಇಟ್ಟುಕೊಂಡವರ ಕೆಲಸ ಬೇಗ ಆಯಿತು, ಇಲ್ಲದವರು ತಡಕಾಡಿದರು.

ನಮ್ಮವರ ಅನುಭವಗಳನ್ನು ನೋಡೋಣ. ನೆರೂಳಿನ ಸಹೋದರಿಯೊಬ್ಬರ ಮನೆಗೆ ಬಂದ ಹುಡುಗನು ಅವರಿಗೆ ತೊಂದರೆ ಕೊಡುವುದೇಕೆಂದು ತನ್ನದೇ ಈ-ಮೇಲ್ ಹಾಕಿ ಕೆಲಸ ಮುಗಿಸಿದ್ದ. ಆರು ತಿಂಗಳ ಮೇಲೆ ನೀಲಿ ಪರದೆ ಬಂತು. ಅದೃಷ್ಟಕ್ಕೆ ಅವನು ಅದೇ ಅಂಗಡಿಯಲ್ಲಿಯೇ ಇದ್ದ. ಅವನ ಖಾತೆ ತೆರೆದು ನೋಡಿದರೆ ಹತ್ತಾರು ಮನೆಗಳ ಕೀಲಿಕೈಗಳು! ನೀಲಿ ಪರದೆಯಲ್ಲಿ ಕಾಣುವ ಕೀ-ಐಡಿಯ ಮೊದಲ ಎಂಟು ಅಕ್ಷರಗಳನ್ನು ಹೋಲಿಸಿ ಇವರದನ್ನು ಆರಿಸಬೇಕಾಯಿತು. ಹುಡುಗ ಕೆಟ್ಟವನಲ್ಲ, ಆದರೆ ಹತ್ತಾರು ಸಂಸಾರಗಳ ತಿಜೋರಿಯ ಕೀಲಿಗಳು ಒಬ್ಬ ಪರಿಚಯವಿಲ್ಲದವನ ಜೇಬಿನಲ್ಲಿರುವುದು ಸರಿಯೆ?

ಐರೋಳಿಯ ತರುಣರೊಬ್ಬರು ಮನೆಯ ಯಂತ್ರಕ್ಕೆ ತಮ್ಮ ಕಂಪನಿಯ ಖಾತೆಯನ್ನೇ ಕೊಟ್ಟಿದ್ದರು. ಹಾಗೆ ಮಾಡಿದರೆ ರಿಕವರಿ ಕೀ ಹೋಗಿ ಕೂಡುವುದು ಕಂಪನಿಯ ದಫ್ತರದಲ್ಲಿ. ಅವರು ನೌಕರಿ ಬಿಟ್ಟ ಮೇಲೆ ಅದಕ್ಕಾಗಿ ಹಳೆಯ ಆಫೀಸಿನ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು.

ಮೂರನೆಯದು ಕಲ್ಯಾಣದ್ದು, ಬರೆಯಲು ಮನಸ್ಸು ಹಿಂಜರಿಯುತ್ತದೆ. ಯಜಮಾನರು ತಮ್ಮ ಖಾತೆಯಿಂದಲೇ ಎಲ್ಲವನ್ನೂ ಮಾಡಿಕೊಂಡಿದ್ದರು. ತಂದೆಯವರ ಕಾಗದಗಳು, ಊರಿನ ಮನೆತನದ ವಂಶಾವಳಿ, ಮೂವತ್ತು ವರ್ಷಗಳ ಫೋಟೋಗಳು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಅದರೊಳಗೆ ಜೋಡಿಸಿದ್ದರು. ಅವರು ತೀರಿಕೊಂಡರು. ಮನೆಯಾಕೆಗೆ ಪಿನ್ನು ಗೊತ್ತಿತ್ತು; ಒಂದು ವರ್ಷ ಫೋಟೋ ನೋಡಿಕೊಂಡು ಇದ್ದರು. ಈ ನಡುವೆ ರೀಚಾರ್ಜ್ ಇಲ್ಲದೆ ಯಜಮಾನರ ಮೊಬೈಲ್ ನಂಬರು ನಿಂತಿತ್ತು. ಒಂದು ದಿನ ರಿಪೇರಿಯ ನಂತರ ನೀಲಿ ಪರದೆ ಬಂತು. ಖಾತೆ ತೆರೆಯಲು ಸಂಕೇತ ಹೋಗುವುದು ಆ ನಂಬರಿಗೆ, ನಂಬರು ಇಲ್ಲ. ಖಾತೆಯ ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ. ಮಕ್ಕಳು ಮಾಡದ ಪ್ರಯತ್ನವಿಲ್ಲ, ಗ್ರಾಂಟ್ ರೋಡಿನ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯವರೆಗೂ ಹೋಗಿಬಂದರು. ಆಗಲಿಲ್ಲ. ಆ ಒಂದು ವರ್ಷದ ಯಾವ ದಿನವಾದರೂ ಪಿನ್ನು ಹಾಕಿ ಒಳಗೆ ಹೋಗಿ, ಫೋಟೋಗಳ ಒಂದು ನಕಲನ್ನೋ ಆ 48 ಅಂಕಿಗಳನ್ನೋ ತೆಗೆದಿಟ್ಟುಕೊಳ್ಳಬಹುದಾಗಿತ್ತು, ಹೇಳುವವರು ಇರಲಿಲ್ಲ. ಈ ಲೇಖನವನ್ನು ಬರೆಯಲು ಮುಖ್ಯ ಪ್ರೇರಣೆ ಇದೇ.

ಮೊಬೈಲ್ ನಂಬರಿನ ಬಗ್ಗೆ ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕು. ಊರಿನ ಸಿಮ್ ಒಂದು, ಇಲ್ಲಿನ ಸಿಮ್ ಒಂದು ಎಂದು ಇಟ್ಟುಕೊಂಡು ಕ್ರಮೇಣ ಒಂದನ್ನು ಬಿಟ್ಟುಬಿಡುತ್ತೇವೆ. ಹಾಗೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಮೇಲೆ ನಮ್ಮ ಖಾತೆಯ ಸಂಕೇತ ಅವರ ಫೋನಿಗೆ! ಖಾತೆಯಲ್ಲಿರುವ ಹಳೆಯ ನಂಬರು, ಹಳೆಯ ಈ-ಮೇಲ್ ಎರಡೂ ಕೈತಪ್ಪಿದ್ದರೆ, ಅವನ್ನೆಲ್ಲ ಬದಲಾಯಿಸಲು ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಮುಚ್ಚುವ ನಿಯಮವೂ ಉಂಟು.

ಇಂಥ ಸಂಕಟದಲ್ಲಿರುವವರನ್ನೇ ಹುಡುಕುವ ಮೋಸಗಾರರಿದ್ದಾರೆ. ಇಂಟರ್‌ನೆಟ್ಟಿನಲ್ಲಿ ‘ಸಹಾಯವಾಣಿ’ ಎಂದು ಕಂಡ ಯಾವುದೋ ನಂಬರಿಗೆ ಫೋನು ಮಾಡಬಾರದು. ದೂರದಿಂದ ಯಂತ್ರ ನಡೆಸುವ ಆ್ಯಪ್ ಹಾಕಿರೆಂದರೆ ಹಾಕಬಾರದು. ‘ಮೈಕ್ರೋಸಾಫ್ಟಿನವರು’ ಎಂದು ತಾವಾಗಿ ಫೋನು ಮಾಡಿದವರನ್ನು ನಂಬಬಾರದು. 2016ರ ಅಕ್ಟೋಬರ್‌ನಲ್ಲಿ ನಮ್ಮ ಥಾಣೆಯ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದಾಗ, ಅಲ್ಲಿಂದಲೇ ಅಮೇರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಅಲ್ಲಿನ ಜನರನ್ನು ಸುಲಿಯುತ್ತಿದ್ದುದು ಬಯಲಾಯಿತು. ಫೋನಿನ ದನಿಗೆ ಮುಖವಿಲ್ಲ ಎಂಬುದಕ್ಕೆ ಇದು ನಿದರ್ಶನ. ಹಣ ಹೋದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು. ಗೂಢಲಿಪಿಯನ್ನು ಒಡೆದುಕೊಡುತ್ತೇನೆಂದು ಮುಂಗಡ ಕೇಳುವವರಿಗೂ ಕೈಮುಗಿಯುವುದು ಲೇಸು.

ಹಾಗಾದರೆ ಮಾಡತಕ್ಕದ್ದೇನು? ಸರ್ಕಾರಿ ಕಚೇರಿಗಳಲ್ಲಿ ಒಂದು ಹಳೆಯ ಪದ್ಧತಿಯುಂಟು. ಅಧಿಕಾರಿಗೆ ವರ್ಗವಾದರೆ ಚಾರ್ಜು ಒಪ್ಪಿಸದೆ ಹೋಗುವಂತಿಲ್ಲ. ಕಪಾಟಿನ ಕೀಲಿಗಳು ಇಷ್ಟು, ಕಡತಗಳು ಇಷ್ಟು ಎಂದು ಯಾದಿ ಮಾಡಿ ಕೊಟ್ಟವರೂ ತೆಗೆದುಕೊಂಡವರೂ ರುಜು ಹಾಕುತ್ತಾರೆ. ತಿಜೋರಿಯ ಎರಡನೆಯ ಕೀಲಿ ಮುದ್ರೆ ಹಾಕಿದ ಲಕೋಟೆಯಲ್ಲಿ ಬೇರೆ ಕಡೆ ಇರುತ್ತದೆ. ಗುಮಾಸ್ತರಾದ ನಮಗೆ ಈ ಪದ್ಧತಿ ಎಷ್ಟೋ ಸಲ ಬೇಸರ ತಂದಿದೆ. ಆದರೆ ಮನೆಯ ಕಂಪ್ಯೂಟರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನಮಗೆ ತೋಚದು. ಹೊಸ ವಿಂಡೋಸ್ ಹಾಕಿಸುವುದೆಂದರೆ ಒಂದು ವರ್ಗಾವಣೆಯೇ. ಚಾರ್ಜಿನ ಯಾದಿ ಹೀಗಿರಲಿ.

ಒಂದು: ಹಾಕಿಸುವ ಮುಂಚೆ ಮುಖ್ಯ ಕಾಗದ, ಫೋಟೋಗಳ ನಕಲನ್ನು ಬೇರೊಂದು ಡಿಸ್ಕಿಗೆ ತೆಗೆಯಿರಿ. ನಕಲು ಕೈಯಲ್ಲಿದ್ದರೆ ಯಾವ ಬೀಗಕ್ಕೂ ಅಂಜಬೇಕಾಗಿಲ್ಲ.

ಎರಡು: ಯಾರ ಖಾತೆ ಎಂಬುದನ್ನು ಮೊದಲೇ ನಿಶ್ಚಯಿಸಿ. ಅದು ಮನೆಯವರದಾಗಿರಲಿ, ಅಂಗಡಿಯವನದೂ ಬೇಡ, ಆಫೀಸಿನದೂ ಬೇಡ. ಅದೇ ಖಾತೆಯ ಪಾಸ್‌ವರ್ಡನ್ನು ಹಿಂದಿನ ದಿನ ಮೊಬೈಲಿನಲ್ಲಿ ಹಾಕಿ ಪರೀಕ್ಷಿಸಿ.

ಮೂರು: ಖಾತೆಯಲ್ಲಿರುವ ಮೊಬೈಲ್ ನಂಬರು ಚಾಲ್ತಿಯಲ್ಲಿದೆಯೆ ನೋಡಿ. ನಂಬಿಗೆಯ ಇನ್ನೊಬ್ಬರ, ಮಗಳದೋ ಮಗನದೋ, ನಂಬರನ್ನೂ ಸೇರಿಸಿ.

ನಾಲ್ಕು: ಹುಡುಗನು ಹೊರಡುವ ಮುಂಚೆ ಯಂತ್ರವನ್ನು ಅವನೆದುರಿಗೇ ಮುಚ್ಚಿ ತೆರೆದು, ನೀವೇ ನಿಮ್ಮ ಕೈಯಿಂದ ಒಳಗೆ ಹೋಗಿ ನೋಡಿ. ಚಹ ಕೊಟ್ಟು ಐದು ನಿಮಿಷ ಕೂರಿಸಿದರೆ ಅವನೇನೂ ಬೇಡವೆನ್ನುವುದಿಲ್ಲ.

ಐದು: ಮೈಕ್ರೋಸಾಫ್ಟ್ ಖಾತೆಯೊಳಗೆ ‘ಡಿವೈಸಸ್’ ಎಂಬಲ್ಲಿ ರಿಕವರಿ ಕೀ ಕಾಣಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆರಾರು ಅಂಕಿಗಳ ಎಂಟು ಗುಂಪುಗಳಿರುತ್ತವೆ. ಪ್ರತಿಯೊಂದು ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಶೇಷ ಉಳಿದರೆ ಆ ಗುಂಪನ್ನು ಬರೆಯುವಾಗ ತಪ್ಪಾಗಿದೆಯೆಂದು ತಿಳಿಯಿರಿ. ಮಕ್ಕಳಿಗೆ ಒಳ್ಳೆಯ ಲೆಕ್ಕವೂ ಆಯಿತು. ಎರಡು ಪ್ರತಿ ಮಾಡಿ ಒಂದನ್ನು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆಗೆ, ಇನ್ನೊಂದನ್ನು ಬೇರೆ ಊರಿನ ಮಕ್ಕಳ ಹತ್ತಿರ ಇಡಿ. ಅದೇ ಕಂಪ್ಯೂಟರಿನೊಳಗೆ ಇಡಬೇಡಿ. ಕೀಲಿಯನ್ನು ತಿಜೋರಿಯೊಳಗಿಟ್ಟು ಬಾಗಿಲು ಹಾಕಿದಂತಾಗುತ್ತದೆ.

ಆರು: ಮನೆಯ ಇನ್ನೊಬ್ಬರ ಹೆಸರಿನಲ್ಲಿ ಆಡಳಿತಾಧಿಕಾರವುಳ್ಳ ಎರಡನೆಯ ಖಾತೆಯೊಂದನ್ನು ಅದೇ ಯಂತ್ರದಲ್ಲಿ ತೆರೆದಿಡಿ. ಒಬ್ಬರ ಬಾಗಿಲು ಕೂಡದಿದ್ದರೆ ಇನ್ನೊಬ್ಬರ ಬಾಗಿಲಿನಿಂದ ಹೋಗಬಹುದು.

ಈಗಾಗಲೇ ಹೊಸ ವಿಂಡೋಸ್ ಹಾಕಿಸಿ, ಯಾವ ತೊಂದರೆಯೂ ಇಲ್ಲದೆ ನಡೆಸುತ್ತಿರುವವರು ‘ನಮಗೇಕೆ ಇದು’ ಎಂದು ಪುಟ ತಿರುವಬಾರದೆಂದು ಪ್ರಾರ್ಥನೆ. ಬಾಗಿಲು ತೆರೆದಿರುವಾಗಲೇ ಕೀಲಿಕೈ ಎಲ್ಲಿದೆಯೆಂದು ನೋಡಿಕೊಳ್ಳುವುದು ಸುಲಭ. ಈ ಭಾನುವಾರ ಅರ್ಧ ಗಂಟೆ ಇದಕ್ಕಾಗಿ ಮೀಸಲಿಡಿ. ಯಂತ್ರ ನಡೆಸುವವರ ಜೊತೆಗೆ, ನಡೆಸದವರನ್ನೂ, ಮುಖ್ಯವಾಗಿ ಮನೆಯ ಹೆಂಗಸರನ್ನೂ ಹಿರಿಯರನ್ನೂ, ಪಕ್ಕದಲ್ಲಿ ಕೂರಿಸಿಕೊಂಡು ಯಾದಿಯನ್ನು ಓದಿ ಹೇಳಿ. ಕೀಲಿಯ ಗುಟ್ಟು ಒಬ್ಬರಿಗೇ ತಿಳಿದಿದ್ದರೆ ಅದು ಅವರೊಂದಿಗೇ ಹೋಗುತ್ತದೆ.

ಒಳಗೆ ಹೋದ ಮೇಲೆ ನುಡಿ, ಬರಹಗಳಲ್ಲಿ ಹಿಂದೆ ಬರೆದಿಟ್ಟ ಕನ್ನಡ ಕಾಗದಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ ಎಂದು ಕೆಲವರು ಕೇಳಿದ್ದಾರೆ. ಅವು ಹಾಳಾಗಿಲ್ಲ, ಹಳೆಯ ಅಚ್ಚಕ್ಷರದ ಫಾಂಟು ಹೊಸ ಯಂತ್ರದಲ್ಲಿಲ್ಲ, ಅಷ್ಟೆ. ಯಾರೂ ಅವನ್ನು ಅಳಿಸಬೇಡಿ. ಅವನ್ನು ಯೂನಿಕೋಡಿಗೆ ತರುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತೇವೆ.